ದುಡಿಮೆಯ ವೇಳೆ ಗಾಯ ಅಥವಾ ರೋಗ: ಕಾನೂನು ನೀಡಿರುವ ಪರಿಹಾರ ಮತ್ತು ಅದನ್ನು ಪಡೆಯುವ ವಿಧಾನ

ಮುಂಬೈ ಮಹಾನಗರ ಮತ್ತು ಅದರ ಉಪನಗರಗಳ ಬೆಳವಣಿಗೆಯಲ್ಲಿ ಕನ್ನಡಿಗರ ದುಡಿಮೆಯ ಪಾಲು ದೊಡ್ಡದು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಂದ ಬಂದವರು ಹೋಟೆಲು ಉದ್ಯಮದಲ್ಲಿ ನೆಲೆ ಕಂಡರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರು ಅನೇಕರು. ವಿಜಯಪುರ, ಬೆಳಗಾವಿ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬೈ ರಾಜ್ಯಕ್ಕೇ ಸೇರಿದ್ದವು. ಆ ಭಾಗದಿಂದಲೂ ಕಲಬುರಗಿ ಕಡೆಯಿಂದಲೂ ಬಂದವರು ಗಿರಣಿ, ಕಾರ್ಖಾನೆ, ರಸ್ತೆ ಮತ್ತು ಕಟ್ಟಡ ನಿರ್ಮಾಣದ ಕೆಲಸಗಳಲ್ಲಿ ತೊಡಗಿದರು.

ಎಲ್ಲಿ ದುಡಿಮೆಯಿದೆಯೋ ಅಲ್ಲಿ ಅಪಾಯವೂ ಉಂಟು. ಕುದಿಯುವ ಎಣ್ಣೆ ಮೈಮೇಲೆ ಚೆಲ್ಲಬಹುದು. ರುಬ್ಬುವ ಯಂತ್ರಕ್ಕೆ ಬೆರಳು ಸಿಕ್ಕಬಹುದು. ಸಾರುವೆಯ ಮೇಲಿಂದ ಕಾಲು ಜಾರಬಹುದು. ವರ್ಷಗಟ್ಟಲೆ ಉಸಿರಾಡಿದ ಧೂಳು ಶ್ವಾಸಕೋಶವನ್ನು ಕೆಡಿಸಬಹುದು. ಇಂತಹ ಸಂದರ್ಭದಲ್ಲಿ ಕಾರ್ಮಿಕನಿಗೆ ದೊರೆಯುವ ಹಣ ಮಾಲೀಕನ ಔದಾರ್ಯದ ಕೊಡುಗೆಯಲ್ಲ. ಅದು ಕಾನೂನು ನೀಡಿರುವ ಹಕ್ಕು. ಹೀಗಿದ್ದರೂ ಹಲವರು ಒಂದಿಷ್ಟು ಹಣ ಪಡೆದು, ಕಾಗದಕ್ಕೆ ಸಹಿ ಹಾಕಿ, ಊರಿಗೆ ಮರಳಿಬಿಡುತ್ತಾರೆ. ಅವಧಿ ಮೀರಿದ ಮೇಲೆ ಹಕ್ಕಿನ ವಿಷಯ ತಿಳಿದು ಮರುಗುತ್ತಾರೆ. ಈ ಸ್ಥಿತಿ ತಪ್ಪಬೇಕಾದರೆ ಯಾವ ಕಾನೂನು ಯಾರಿಗೆ ಅನ್ವಯಿಸುತ್ತದೆ, ಯಾರ ಬಳಿಗೆ ಹೋಗಬೇಕು, ಯಾವ ದಾಖಲೆ ಬೇಕು ಎಂಬುದನ್ನು ಪ್ರತಿಯೊಂದು ದುಡಿಯುವ ಕುಟುಂಬವೂ ಅರಿತಿರುವುದು ಅವಶ್ಯಕ.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮೊದಲ ಮುಖ್ಯ ಶಾಸನ 1923ರ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮ. ಅದು 1924ರ ಜುಲೈ 1ರಂದು ಜಾರಿಗೆ ಬಂದಿತು. ಅದಕ್ಕೆ ಮುನ್ನ ಗಾಯಗೊಂಡ ಕಾರ್ಮಿಕನು ಮಾಲೀಕನ ತಪ್ಪನ್ನು ಸಿವಿಲ್ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಗಿತ್ತು. ಬಡವನಿಗೆ ಅದು ಅಸಾಧ್ಯದ ಮಾತಾಗಿತ್ತು. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಗಾಯವು ಕೆಲಸದಿಂದ ಮತ್ತು ಕೆಲಸದ ಅವಧಿಯಲ್ಲಿ ಉಂಟಾಯಿತೇ ಎಂಬುದನ್ನು ಮುಖ್ಯವಾಗಿ ನೋಡುವ ತತ್ತ್ವವನ್ನು ಈ ಅಧಿನಿಯಮವು ತಂದಿತು. 2009ರ ತಿದ್ದುಪಡಿಯಿಂದ ಇದಕ್ಕೆ ನೌಕರರ ನಷ್ಟಪರಿಹಾರ ಅಧಿನಿಯಮ ಎಂಬ ಹೆಸರಾಯಿತು.

ಎರಡನೆಯದು 1948ರ ನೌಕರರ ರಾಜ್ಯ ವಿಮಾ ಅಧಿನಿಯಮ. ಜನರ ಬಾಯಲ್ಲಿ ಇದು ಇ.ಎಸ್.ಐ. ಎಂದೇ ಪ್ರಸಿದ್ಧ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಮಂತ್ರಿ ಪಂಡಿತ ಜವಾಹರಲಾಲ್ ನೆಹರೂ ಅವರು ಈ ಯೋಜನೆಯನ್ನು ಉದ್ಘಾಟಿಸಿದರು. 1954ರಲ್ಲಿ ಅದು ಮುಂಬೈಗೆ ವಿಸ್ತರಿಸಿತು. ಇಲ್ಲಿ ಪರಿಹಾರದ ಹೊಣೆ ಒಬ್ಬ ಮಾಲೀಕನ ಮೇಲಿರದೆ ವಿಮಾ ನಿಗಮದ ಮೇಲಿರುತ್ತದೆ.

ಈ ಎರಡೂ ಶಾಸನಗಳ ವಿಷಯಗಳನ್ನು ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಅಳವಡಿಸಲಾಗಿದೆ. ಈ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೊಳಿಸಲಾಯಿತು. ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳು ಪರಿವರ್ತನೆಯ ಕಾಲದಲ್ಲಿ ಮುಂದುವರಿಯುವಂತೆ ಸಂಹಿತೆಯಲ್ಲೇ ಏರ್ಪಾಡು ಮಾಡಲಾಗಿದೆ. ಹಳೆಯ ಶಾಸನಗಳ ಕಾಲದಲ್ಲಿ ನಡೆದ ಅಪಘಾತದ ಹಕ್ಕು ಹೊಸ ಸಂಹಿತೆ ಬಂದ ಮಾತ್ರಕ್ಕೆ ನಾಶವಾಗುವುದಿಲ್ಲ. ಕಾನೂನಿನ ಹೆಸರು ಬದಲಾದರೂ ಪರಿಹಾರದ ಮೂಲತತ್ತ್ವ ಹಿಂದಿನದೇ ಆಗಿದೆ.

ಮೊದಲು ತಿಳಿಯಬೇಕಾದ ಸಂಗತಿ: ಎರಡು ದಾರಿಗಳು

ಗಾಯಗೊಂಡ ಕಾರ್ಮಿಕನ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಆತ ಇ.ಎಸ್.ಐ. ವಿಮಾದಾರನಾಗಿದ್ದರೆ ಸೌಲಭ್ಯಗಳು ನಿಗಮದಿಂದ ದೊರೆಯುತ್ತವೆ; ಆಗ ಅದೇ ಗಾಯಕ್ಕೆ ಮಾಲೀಕನಿಂದ ನಷ್ಟಪರಿಹಾರ ಕೇಳುವಂತಿಲ್ಲ. ಇ.ಎಸ್.ಐ. ವ್ಯಾಪ್ತಿಗೆ ಸೇರದವನಾಗಿದ್ದರೆ ಮಾಲೀಕನೇ ಪರಿಹಾರ ನೀಡಬೇಕು. ಆದುದರಿಂದ ತಾನು ಇ.ಎಸ್.ಐ.ಗೆ ಸೇರಿದ್ದೇನೆಯೇ ಎಂಬುದನ್ನು ಕೆಲಸಕ್ಕೆ ಸೇರಿದ ದಿನವೇ ತಿಳಿದುಕೊಳ್ಳುವುದು ಒಳ್ಳೆಯದು.

10 ಅಥವಾ ಅದಕ್ಕಿಂತ ಹೆಚ್ಚು ಜನರು ಕೆಲಸ ಮಾಡುವ ಸಂಸ್ಥೆಗಳಿಗೆ ಇ.ಎಸ್.ಐ. ಅನ್ವಯಿಸುತ್ತದೆ. ಸರ್ಕಾರವು ಅಪಾಯಕಾರಿ ಎಂದು ಅಧಿಸೂಚಿಸಿದ ಉದ್ಯೋಗವಾದರೆ ಒಬ್ಬನೇ ನೌಕರನಿದ್ದರೂ ಸಂಹಿತೆಯ ಪ್ರಕಾರ ಅದನ್ನು ಅನ್ವಯಿಸಬಹುದು. ವೇತನದ ಮಿತಿಯನ್ನು 2017ರ ಜನವರಿ 1ರಿಂದ ತಿಂಗಳಿಗೆ 21,000 ರೂಪಾಯಿ ಎಂದೂ, ಅಂಗವಿಕಲ ನೌಕರರಿಗೆ 25,000 ರೂಪಾಯಿ ಎಂದೂ ನಿಗದಿಗೊಳಿಸಲಾಯಿತು. 2019ರ ಜುಲೈ 1ರಿಂದ ವೇತನದ ಶೇಕಡ 3.25ರಷ್ಟನ್ನು ಮಾಲೀಕನೂ, ಶೇಕಡ 0.75ರಷ್ಟನ್ನು ನೌಕರನೂ ವಂತಿಗೆಯಾಗಿ ನೀಡಬೇಕೆಂದು ಗೊತ್ತುಪಡಿಸಲಾಯಿತು. ವೇತನದ ಚೀಟಿಯಲ್ಲಿ ಈ ಕಡಿತ ಕಂಡುಬಂದರೆ, ಕೈಯಲ್ಲಿ ವಿಮಾ ಸಂಖ್ಯೆಯ ಪೆಹಚಾನ್ ಪತ್ರವಿದ್ದರೆ, ನೌಕರನು ವಿಮಾದಾರನೆಂದು ತಿಳಿಯಬಹುದು.

ಮಾಲೀಕನು ಹೆಸರು ನೋಂದಾಯಿಸಿಲ್ಲ ಅಥವಾ ವಂತಿಗೆ ಕಟ್ಟಿಲ್ಲ ಎಂಬ ಕಾರಣದಿಂದ ಕಾರ್ಮಿಕನು ನಿರಾಶನಾಗಬೇಕಾಗಿಲ್ಲ. ವ್ಯಾಪ್ತಿಗೆ ಸೇರಿದ ಸಂಸ್ಥೆಯ ಮಾಲೀಕನು ಕರ್ತವ್ಯ ತಪ್ಪಿದ್ದರೆ, ನಿಗಮವು ನೌಕರನಿಗೆ ಸೌಲಭ್ಯ ನೀಡಿ ಅದರ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಲು ಅವಕಾಶವಿದೆ.

ಇ.ಎಸ್.ಐ. ಮೂಲಕ ದೊರೆಯುವ ಸೌಲಭ್ಯಗಳು

ಕೆಲಸದಿಂದ ಉಂಟಾದ ಗಾಯಕ್ಕೆ ಸೌಲಭ್ಯ ಪಡೆಯಲು ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ನಿಬಂಧನೆಯಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯಗೊಂಡವನಿಗೂ ಹಕ್ಕುಂಟು. ಸೌಲಭ್ಯಗಳು ಈ ಕೆಳಕಂಡಂತಿವೆ.

ವೈದ್ಯಕೀಯ ಚಿಕಿತ್ಸೆ: ಇ.ಎಸ್.ಐ. ಔಷಧಾಲಯ ಮತ್ತು ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಪರೇಲಿನ ಮಹಾತ್ಮಾ ಗಾಂಧಿ ಸ್ಮಾರಕ ಆಸ್ಪತ್ರೆ ಹಾಗೂ ಅಂಧೇರಿ, ಕಾಂದಿವಲಿ, ಮುಲುಂಡ್ ಮತ್ತು ಠಾಣೆಗಳಲ್ಲಿರುವ ಆಸ್ಪತ್ರೆಗಳು ಈ ಯೋಜನೆಗೆ ಸೇರಿದವು.

ತಾತ್ಕಾಲಿಕ ಅಸಾಮರ್ಥ್ಯ ಭತ್ಯೆ: ಅಪಘಾತದ ದಿನವನ್ನು ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದ ಸ್ಥಿತಿಯಿದ್ದರೆ ಸರಾಸರಿ ದಿನವೇತನದ ಶೇಕಡ 90ರಷ್ಟನ್ನು ನೀಡಲಾಗುತ್ತದೆ. ವೈದ್ಯರು ಕೆಲಸಕ್ಕೆ ಅರ್ಹನೆಂದು ಪ್ರಮಾಣೀಕರಿಸುವವರೆಗೆ ಇದು ಸಲ್ಲುತ್ತದೆ. ಸಾಮಾನ್ಯ ಕಾಯಿಲೆಯ ಭತ್ಯೆಯು ಶೇಕಡ 70ರಷ್ಟು ಮಾತ್ರ, ಅದಕ್ಕೆ ದಿನಗಳ ಮಿತಿಯೂ ಉಂಟು. ಆದ್ದರಿಂದಲೇ ಕೆಲಸದ ಗಾಯವನ್ನು ಸಾಮಾನ್ಯ ಕಾಯಿಲೆಯೆಂದು ಬರೆಯಿಸಿದರೆ ಕಾರ್ಮಿಕನಿಗೆ ನಷ್ಟ.

ಶಾಶ್ವತ ಅಂಗವೈಕಲ್ಯ ಭತ್ಯೆ: ಅಂಗನಷ್ಟವಾದರೆ ವೈದ್ಯಕೀಯ ಮಂಡಳಿಯು ಗಳಿಕೆಯ ಸಾಮರ್ಥ್ಯ ಶೇಕಡ ಎಷ್ಟು ಕುಂದಿದೆಯೆಂದು ನಿರ್ಧರಿಸುತ್ತದೆ. ಉದಾಹರಣೆಗೆ, ಸರಾಸರಿ ದಿನವೇತನ 600 ರೂಪಾಯಿ ಇರುವ ಕಾರ್ಮಿಕನ ಹೆಬ್ಬೆರಳು ಯಂತ್ರಕ್ಕೆ ಸಿಕ್ಕಿ ಹೋಯಿತೆನ್ನೋಣ. ಚಿಕಿತ್ಸೆಯ ಅವಧಿಯಲ್ಲಿ ಆತನಿಗೆ ದಿನಕ್ಕೆ 540 ರೂಪಾಯಿ ಸಲ್ಲುತ್ತದೆ. ಹೆಬ್ಬೆರಳಿನ ನಷ್ಟಕ್ಕೆ ಅನುಸೂಚಿಯಲ್ಲಿ ಶೇಕಡ 30 ಎಂದಿರುವುದರಿಂದ, ಆ ಬಳಿಕ ದಿನಕ್ಕೆ 162 ರೂಪಾಯಿಯ ಲೆಕ್ಕದಲ್ಲಿ ಜೀವನಪರ್ಯಂತ ದೊರೆಯುತ್ತದೆ. ಮತ್ತೆ ಕೆಲಸಕ್ಕೆ ಸೇರಿ ವೇತನ ಪಡೆದರೂ ಈ ಭತ್ಯೆ ನಿಲ್ಲುವುದಿಲ್ಲ.

ಅವಲಂಬಿತರ ಭತ್ಯೆ: ಕೆಲಸದ ಗಾಯದಿಂದ ಮರಣ ಸಂಭವಿಸಿದರೆ ಶೇಕಡ 90ರ ದರದ ಮೊತ್ತವನ್ನು ಅವಲಂಬಿತರಿಗೆ ಹಂಚಲಾಗುತ್ತದೆ. ಮೂಲ ಲೆಕ್ಕದಂತೆ ವಿಧವೆಗೆ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಐದರಲ್ಲಿ ಎರಡು ಪಾಲು. ಒಟ್ಟು ಪಾಲುಗಳು ಪೂರ್ಣ ದರವನ್ನು ಮೀರಿದರೆ ಪ್ರತಿಯೊಬ್ಬರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಅಂತ್ಯಕ್ರಿಯೆಯ ವೆಚ್ಚಕ್ಕಾಗಿ 15,000 ರೂಪಾಯಿವರೆಗೆ ನೀಡುವ ವ್ಯವಸ್ಥೆ ಇದೆ.

ಊರಿಗೆ ಮರಳುವವರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಇ.ಎಸ್.ಐ. ಅಖಿಲ ಭಾರತ ವ್ಯವಸ್ಥೆ. ಮುಂಬೈಯಲ್ಲಿ ಮಂಜೂರಾದ ಭತ್ಯೆಯನ್ನು ಕರ್ನಾಟಕದಲ್ಲಿರುವ ಬ್ಯಾಂಕು ಖಾತೆಗೂ ಪಡೆಯಬಹುದು.

ಇ.ಎಸ್.ಐ. ಇಲ್ಲದವರಿಗೆ ನಷ್ಟಪರಿಹಾರ

ಸಣ್ಣ ಸಂಸ್ಥೆಗಳಲ್ಲಿ ದುಡಿಯುವವರು, ವೇತನ ಮಿತಿಯನ್ನು ಮೀರಿದವರು, ಇ.ಎಸ್.ಐ.ಗೆ ಒಳಪಡದ ನಿರ್ಮಾಣ ಕಾಮಗಾರಿಗಳಲ್ಲಿ ತೊಡಗಿದವರು ಈ ಎರಡನೆಯ ದಾರಿಗೆ ಬರುತ್ತಾರೆ. ಕಾನೂನಿನ ಅನುಸೂಚಿಯಲ್ಲಿ ಹೆಸರಿಸಿದ ಕೆಲಸಗಳಿಗೆ ಇದು ಅನ್ವಯ. ವಿದ್ಯುತ್ ಅಥವಾ ಅಡುಗೆ ಅನಿಲ ಬಳಸುವ ಹೋಟೆಲಿನ ಅಡುಗೆಯವರ ಕೆಲಸವೂ ಆ ಅನುಸೂಚಿಯಲ್ಲಿದೆ ಎಂಬುದನ್ನು ಮುಂಬೈಯ ಕನ್ನಡಿಗರು ನೆನಪಿಡಬೇಕು. ದಿನಗೂಲಿಯವನೆಂಬ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ. ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಬಂದವನು ಮುಖ್ಯ ಮಾಲೀಕನಿಂದಲೇ ಪರಿಹಾರ ಕೇಳಬಹುದು. ಆ ಮಾಲೀಕನು ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂಬುದು ಕಾನೂನಿನ ಆಶಯ.

ಪರಿಹಾರದ ಮೊತ್ತ ಮೂರು ಅಂಶಗಳನ್ನು ಅವಲಂಬಿಸಿದೆ: ಮಾಸಿಕ ವೇತನ, ವಯಸ್ಸು ಮತ್ತು ಗಾಯದ ಪ್ರಮಾಣ. ಮರಣ ಸಂಭವಿಸಿದರೆ ಮಾಸಿಕ ವೇತನದ ಶೇಕಡ 50ರಷ್ಟನ್ನೂ, ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದರೆ ಶೇಕಡ 60ರಷ್ಟನ್ನೂ ವಯಸ್ಸಿಗೆ ತಕ್ಕ ಗುಣಕಾಂಕದಿಂದ ಗುಣಿಸಬೇಕು. ವಯಸ್ಸು ಕಡಿಮೆಯಿದ್ದಷ್ಟೂ ಗುಣಕಾಂಕ ಹೆಚ್ಚು. 30 ವರ್ಷಕ್ಕೆ 207.98, 40 ವರ್ಷಕ್ಕೆ 184.17, 50 ವರ್ಷಕ್ಕೆ 153.09. 2020ರ ಜನವರಿ 3ರ ಅಧಿಸೂಚನೆಯಲ್ಲಿ ಈ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಮಿತಿಯನ್ನು 8,000ದಿಂದ 15,000 ರೂಪಾಯಿಗೆ ಏರಿಸಲಾಯಿತು.

ಲೆಕ್ಕವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ತಿಂಗಳಿಗೆ 12,000 ರೂಪಾಯಿ ವೇತನ ಪಡೆಯುವ 40 ವರ್ಷದ ಕಾರ್ಮಿಕನು ಕೆಲಸದ ವೇಳೆ ಮೃತನಾದರೆ, 6,000ವನ್ನು 184.17ರಿಂದ ಗುಣಿಸಿದಾಗ 11,05,020 ರೂಪಾಯಿ ಆಗುತ್ತದೆ. ಆತ ಬದುಕುಳಿದು ಪೂರ್ಣವಾಗಿ ಅಸಮರ್ಥನಾದರೆ, 7,200ವನ್ನು ಅದೇ ಗುಣಕಾಂಕದಿಂದ ಗುಣಿಸಿ 13,26,024 ರೂಪಾಯಿ. ಹೆಬ್ಬೆರಳು ಮಾತ್ರ ಹೋಗಿದ್ದರೆ ಇದರ ಶೇಕಡ 30, ಅಂದರೆ ಸುಮಾರು 3,97,807 ರೂಪಾಯಿ. ಇಂತಹ ಗಾಯಕ್ಕೆ ಹತ್ತಿಪ್ಪತ್ತು ಸಾವಿರ ರೂಪಾಯಿ ಪಡೆದು ಸುಮ್ಮನಾಗುವವನು ಎಷ್ಟನ್ನು ಬಿಟ್ಟುಕೊಡುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದರೆ ಮಾಸಿಕ ವೇತನದ ಶೇಕಡ 25ರಷ್ಟನ್ನು ಅರ್ಧ ತಿಂಗಳಿಗೊಮ್ಮೆ ನೀಡಬೇಕು. ಚಿಕಿತ್ಸೆಗೆ ತಗುಲಿದ ವಾಸ್ತವ ವೆಚ್ಚವನ್ನೂ ಮಾಲೀಕನು ಭರಿಸಬೇಕು. ಆದ್ದರಿಂದ ಔಷಧಿಯ ಪ್ರತಿಯೊಂದು ರಸೀದಿಯನ್ನೂ ಕಾದಿಡಬೇಕು.

ಅನುಸೂಚಿಯ ಶೇಕಡಾವಾರು ಎಲ್ಲ ಸಂದರ್ಭಗಳಲ್ಲೂ ಕೊನೆಯ ಮಾತಲ್ಲ. 1968ರಲ್ಲಿ ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬನು ಬಿದ್ದು, ಆತನ ಎಡಗೈಯನ್ನು ಕತ್ತರಿಸಬೇಕಾಯಿತು. ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಇದು ಪೂರ್ಣ ಅಂಗವೈಕಲ್ಯವೇ ಸರಿ ಎಂಬ ತೀರ್ಮಾನವನ್ನು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಎತ್ತಿಹಿಡಿಯಿತು. ಪರಿಹಾರದ ಹೊಣೆ ಅಪಘಾತದ ದಿನದಿಂದಲೇ ಹುಟ್ಟುತ್ತದೆ ಎಂಬುದೂ ಅದೇ ತೀರ್ಪಿನಲ್ಲಿ ಸ್ಪಷ್ಟವಾಯಿತು. ಮಾಲೀಕನು ಒಂದು ತಿಂಗಳೊಳಗೆ ಹಣ ನೀಡದಿದ್ದರೆ ಶೇಕಡ 12ರ ಬಡ್ಡಿಯನ್ನೂ, ಸಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಶೇಕಡ 50ರವರೆಗೆ ದಂಡವನ್ನೂ ವಿಧಿಸಬಹುದು.

ಕಾರ್ಮಿಕನು ಮದ್ಯದ ಅಮಲಿನಲ್ಲಿದ್ದುದರಿಂದ, ಸುರಕ್ಷತಾ ಆದೇಶವನ್ನು ಬೇಕೆಂದೇ ಮೀರಿದುದರಿಂದ ಅಥವಾ ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದುದರಿಂದ ಗಾಯವಾದರೆ ಮಾಲೀಕನು ಹೊಣೆಯಿಂದ ಮುಕ್ತನಾಗಬಹುದು. ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಾಗ ಈ ವಾದವೂ ನಡೆಯದು. ಬರಿಯ ಅಜಾಗರೂಕತೆಯಿಂದ ಹಕ್ಕು ಹೋಗುವುದಿಲ್ಲ.

ಮನೆ ಮತ್ತು ಕೆಲಸದ ನಡುವಿನ ದಾರಿ

ಮುಂಬೈಯಂತಹ ನಗರದಲ್ಲಿ ಕೆಲಸಕ್ಕೆ ಹೋಗಿಬರುವುದೇ ಒಂದು ಸಾಹಸ. ವಿರಾರ್, ಕಲ್ಯಾಣ್, ಡೊಂಬಿವಲಿಗಳಿಂದ ಲೋಕಲ್ ರೈಲಿನಲ್ಲಿ ಬರುವವರಿಗೆ ಇದನ್ನು ಹೇಳಬೇಕಾಗಿಲ್ಲ. ದಾರಿಯಲ್ಲಿ ನಡೆದ ಅಪಘಾತವು ಕೆಲಸದ ಅಪಘಾತವೇ ಎಂಬ ಪ್ರಶ್ನೆಗೆ ಮಹತ್ವದ ಉತ್ತರವೊಂದು ಈ ನಗರದಿಂದಲೇ ಬಂದಿತು.

1957ರ ಜುಲೈ 20ರ ಸಂಜೆ ಬೆಸ್ಟ್ ಸಂಸ್ಥೆಯ ಚಾಲಕರೊಬ್ಬರು ಕೆಲಸ ಮುಗಿಸಿ ಜೋಗೇಶ್ವರಿ ಡಿಪೋದಲ್ಲಿ ಬಸ್ಸನ್ನು ಬಿಟ್ಟು, ಸಾಂತಾಕ್ರೂಜಿನ ಮನೆಗೆ ಹೋಗಲು ಸಂಸ್ಥೆಯದೇ ಇನ್ನೊಂದು ಬಸ್ಸನ್ನು ಏರಿದರು. ಆ ಬಸ್ಸು ಅಂಧೇರಿಯ ಬಳಿ ನಿಂತಿದ್ದ ಲಾರಿಗೆ ಡಿಕ್ಕಿ ಹೊಡೆಯಿತು. ಹೊರಗೆಸೆಯಲ್ಪಟ್ಟ ಚಾಲಕರು ಕೆಲವು ದಿನಗಳಲ್ಲಿ ತೀರಿಕೊಂಡರು. ಕೆಲಸ ಮುಗಿದ ನಂತರ ನಡೆದ ಅಪಘಾತಕ್ಕೆ ತಾನು ಹೊಣೆಯಲ್ಲವೆಂದು ಸಂಸ್ಥೆ ವಾದಿಸಿತು. ನಗರದ ಉದ್ದಗಲಕ್ಕೆ ಸೇವೆ ಸಲ್ಲಿಸುವ ಚಾಲಕರು ಸಂಸ್ಥೆಯ ಬಸ್ಸಿನಲ್ಲಿ ಹೋಗಿಬರುವುದು ಸೇವೆಯ ದಕ್ಷತೆಗಾಗಿಯೇ ಏರ್ಪಟ್ಟ ಸೌಕರ್ಯ. ಆದ್ದರಿಂದ ಆ ಪ್ರಯಾಣವೂ ಕೆಲಸದ ಅಂಗ ಎಂದು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಬಹುಮತದಿಂದ ತೀರ್ಪಿತ್ತು, ವಿಧವೆಯ ಹಕ್ಕನ್ನು ಎತ್ತಿಹಿಡಿಯಿತು.

ಆದರೆ ಎಲ್ಲರಿಗೂ ಇದರ ಲಾಭ ಸಿಗಲಿಲ್ಲ. ಕೇರಳದಲ್ಲಿ 1971ರಲ್ಲಿ ಪಾಳಿ ಆರಂಭವಾಗುವ ಕಾಲು ಗಂಟೆ ಮುನ್ನ, ಕಾರ್ಖಾನೆಯಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಸೈಕಲಿನಲ್ಲಿ ಬರುತ್ತಿದ್ದ ಕಾರ್ಮಿಕನಿಗೆ ಲಾರಿ ಬಡಿದ ಪ್ರಕರಣದಲ್ಲಿ, ಅದು ಕೆಲಸದ ಗಾಯವಲ್ಲವೆಂದು 1996ರಲ್ಲಿ ತೀರ್ಮಾನವಾಯಿತು. ಈ ಕೊರತೆಯನ್ನು ನೀಗಿಸಲು 2010ರಲ್ಲಿ ಇ.ಎಸ್.ಐ. ಅಧಿನಿಯಮಕ್ಕೆ ತಿದ್ದುಪಡಿ ತರಲಾಯಿತು. ಮನೆಯಿಂದ ಕೆಲಸಕ್ಕೆ ಅಥವಾ ಕೆಲಸದಿಂದ ಮನೆಗೆ ಹೋಗುವಾಗ ನಡೆದ ಅಪಘಾತಕ್ಕೂ, ಅದರ ಸಮಯ, ಸ್ಥಳ, ಸಂದರ್ಭಗಳಿಗೂ ಉದ್ಯೋಗಕ್ಕೂ ನಂಟಿದ್ದರೆ ಅದನ್ನು ಕೆಲಸದ ಅಪಘಾತವೆಂದೇ ಪರಿಗಣಿಸಲಾಗುತ್ತದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರನು 2003ರಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮೃತನಾದ ಪ್ರಕರಣದಲ್ಲಿ, ಇದೇ ತತ್ತ್ವ ನಷ್ಟಪರಿಹಾರ ಅಧಿನಿಯಮಕ್ಕೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಸಾರಿತು. ಹೊಸ ಸಂಹಿತೆಯೂ ಈ ರಕ್ಷಣೆಯನ್ನು ಒಳಗೊಂಡಿದೆ. ಹೀಗಾಗಿ ದಾರಿಯಲ್ಲಿ ಅಪಘಾತವಾದರೆ ರೈಲಿನ ಪಾಸು, ಹಾಜರಿ ಪುಸ್ತಕದ ಪ್ರತಿ, ಪಾಳಿಯ ವೇಳಾಪಟ್ಟಿ ಇವೆಲ್ಲವೂ ಅಮೂಲ್ಯ ಸಾಕ್ಷ್ಯಗಳಾಗುತ್ತವೆ.

ನಿಧಾನವಾಗಿ ಬರುವ ರೋಗಗಳು

ಗಾಯ ಕಣ್ಣಿಗೆ ಕಾಣುತ್ತದೆ. ವೃತ್ತಿಜನ್ಯ ರೋಗ ಬಹುಕಾಲ ಕಾಣುವುದಿಲ್ಲ. ಮುಂಬೈಯ ಹತ್ತಿ ಗಿರಣಿಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿದಂತಾಗುವುದು ಅದರ ಆರಂಭದ ಲಕ್ಷಣ. ಅದನ್ನು ದಮ್ಮು ಅಥವಾ ಬೀಡಿಯ ಕೆಮ್ಮು ಎಂದು ತಳ್ಳಿಹಾಕುವುದುಂಟು. ಮಗ್ಗಗಳ ಸದ್ದಿನಿಂದ ಕಿವಿ ಮಂದವಾದರೆ ವಯಸ್ಸಾಯಿತೆಂದು ಸಮಾಧಾನ ತಾಳುವುದುಂಟು. ಹಬೆಯ ಕೊಳವೆಗಳಿಗೆ ಸುತ್ತುತ್ತಿದ್ದ ಕಲ್ನಾರು ಇನ್ನೊಂದು ಅಪಾಯ. ಮುಂಬೈಯ ಗಿರಣಿಯೊಂದರ ಕುರಿತು 2005ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನದಲ್ಲಿ, ಪರೀಕ್ಷಿಸಿದ 181 ಕಾರ್ಮಿಕರ ಪೈಕಿ 41 ಮಂದಿಯಲ್ಲಿ ಕಲ್ನಾರಿನಿಂದ ಬರುವ ಶ್ವಾಸಕೋಶದ ರೋಗ ಕಂಡುಬಂದಿತು.

ಕಾನೂನಿನ ಮೂರನೆಯ ಅನುಸೂಚಿಯಲ್ಲಿ ಇಂತಹ ರೋಗಗಳ ಪಟ್ಟಿಯಿದೆ. ಸೀಸ, ಪಾದರಸ, ಬೆಂಜೀನ್ ಮೊದಲಾದವುಗಳ ವಿಷಪ್ರಭಾವ, ಸದ್ದಿನಿಂದ ಬಂದ ಕಿವುಡು, ಕಲ್ಲಿನ ಧೂಳಿನ ಸಿಲಿಕೋಸಿಸ್, ಕಲ್ನಾರಿನ ರೋಗ, ಬಿಸಿನೋಸಿಸ್ ಮುಂತಾದವು ಅದರಲ್ಲಿ ಸೇರಿವೆ. ಸಂಬಂಧಿಸಿದ ಕೆಲಸವನ್ನು ನಿಗದಿತ ಅವಧಿಯವರೆಗೆ ಮಾಡಿದವನಿಗೆ ಆ ರೋಗ ಬಂದರೆ ಅದು ಕೆಲಸದಿಂದಲೇ ಬಂದಿದೆಯೆಂದು ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಎದುರು ಪಕ್ಷದ್ದು. ಅನುಸೂಚಿಯ ಎರಡನೆಯ ಭಾಗದ ರೋಗಗಳಿಗೆ ಈ ಅವಧಿ ಸಾಮಾನ್ಯವಾಗಿ 6 ತಿಂಗಳು. ಕೆಲಸ ಬಿಟ್ಟು ಎರಡು ವರ್ಷದೊಳಗೆ ರೋಗಲಕ್ಷಣ ತೋರಿದರೂ ಹಕ್ಕು ಕೇಳಲು ನಷ್ಟಪರಿಹಾರ ಅಧಿನಿಯಮವು ಅವಕಾಶ ಮಾಡಿಕೊಟ್ಟಿತ್ತು. ಲಕ್ಷಣ ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನವೆಂದು ಎಣಿಸಲಾಗುತ್ತಿತ್ತು.

ಕಾರ್ಮಿಕನ ಆರೋಗ್ಯವು ಬದುಕುವ ಹಕ್ಕಿನ ಅವಿಭಾಜ್ಯ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ ಘೋಷಿಸಿತು. ಕಲ್ನಾರು ಉದ್ಯಮದಲ್ಲಿ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವುಗಳಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾದಿಡಬೇಕೆಂದು ಆದೇಶಿಸಿತು. ಊರಿಗೆ ಮರಳಿದ ಹಿರಿಯ ಕಾರ್ಮಿಕರು ಕೆಮ್ಮು, ಏದುಸಿರಿಗೆ ಚಿಕಿತ್ಸೆ ಪಡೆಯುವಾಗ ತಾವು ಹಿಂದೆ ಯಾವ ಖಾತೆಯಲ್ಲಿ, ಎಷ್ಟು ವರ್ಷ, ಯಾವ ಧೂಳಿನಲ್ಲಿ ದುಡಿದಿದ್ದೆವು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಅಪಘಾತವಾದ ಕೂಡಲೇ ಮಾಡಬೇಕಾದ ಕಾರ್ಯಗಳು

1. ಮಾಲೀಕನಿಗೆ ಅಥವಾ ಮೇಲ್ವಿಚಾರಕನಿಗೆ ಕೂಡಲೇ ತಿಳಿಸಬೇಕು. ಗಾಯಗೊಂಡವನ ಪರವಾಗಿ ಬೇರೆಯವರೂ ತಿಳಿಸಬಹುದು. ಅಪಘಾತ ಪುಸ್ತಕದಲ್ಲಿ ದಿನ, ಸಮಯ, ಸ್ಥಳ, ಕಾರಣ ಮತ್ತು ಸಾಕ್ಷಿಗಳ ಹೆಸರು ದಾಖಲಾಗುವಂತೆ ನೋಡಿಕೊಳ್ಳಬೇಕು.

2. ಚಿಕಿತ್ಸೆಗೆ ಹೋದಾಗ, ಅದು ಇ.ಎಸ್.ಐ. ಆಸ್ಪತ್ರೆಯಾಗಲಿ, ಮಹಾನಗರಪಾಲಿಕೆಯ ಕೆ.ಇ.ಎಂ., ಸಾಯನ್, ನಾಯರ್, ಕೂಪರ್ ಆಸ್ಪತ್ರೆಗಳಾಗಲಿ, ಗಾಯ ಕೆಲಸದ ವೇಳೆ ಆಯಿತೆಂದು ಹೇಳಿ ಕೇಸ್ ಪೇಪರಿನಲ್ಲಿ ಹಾಗೆಯೇ ಬರೆಸಬೇಕು. "ಮನೆಯಲ್ಲಿ ಬಿದ್ದೆ" ಎಂದು ಬರೆಸಿದ ಒಂದು ಸಾಲು ಮುಂದೆ ಇಡೀ ಹಕ್ಕನ್ನೇ ಕೆಡಿಸಬಹುದು.

3. ಇ.ಎಸ್.ಐ. ವಿಮಾದಾರನಾದರೆ ಮಾಲೀಕನು ಅಪಘಾತದ ವರದಿಯನ್ನು ಶಾಖಾ ಕಚೇರಿಗೆ ಕಳುಹಿಸಬೇಕು. ಕಳುಹಿಸದಿದ್ದರೆ ಕಾರ್ಮಿಕನೇ ಲಿಖಿತವಾಗಿ ಶಾಖಾ ವ್ಯವಸ್ಥಾಪಕರಿಗೆ ದೂರು ನೀಡಿ ಸ್ವೀಕೃತಿ ಪಡೆಯಬೇಕು. ನಿಗಮದ ಶುಲ್ಕರಹಿತ ದೂರವಾಣಿ ಸಂಖ್ಯೆ 1800-11-2526.

4. ವೇತನದ ಚೀಟಿ, ಗುರುತಿನ ಚೀಟಿ, ಹಾಜರಿಯ ದಾಖಲೆ, ಬ್ಯಾಂಕು ಪುಸ್ತಕ, ವಯಸ್ಸಿನ ಪುರಾವೆ ಇವುಗಳ ಪ್ರತಿಗಳನ್ನು ಒಟ್ಟುಗೂಡಿಸಬೇಕು. ಮರಣ ಸಂಭವಿಸಿದ್ದರೆ ಪೊಲೀಸ್ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಹಾಗೂ ಅವಲಂಬಿತರ ಸಂಬಂಧ ತೋರಿಸುವ ದಾಖಲೆಗಳು ಬೇಕು.

ಸಾಕ್ಷ್ಯದ ಮಹತ್ವವನ್ನು ಕಡಿಮೆಯೆಂದು ಎಣಿಸಬಾರದು. ಹಡಗಿನ ಕೆಲಸದಲ್ಲಿದ್ದ ನಾವಿಕನೊಬ್ಬನು ಸಮುದ್ರದ ಮಧ್ಯೆ ಕಾಣೆಯಾದ ಪ್ರಕರಣವು ಮುಂಬೈ ಉಚ್ಚ ನ್ಯಾಯಾಲಯದಿಂದ ಮೇಲ್ಮನವಿಗೆ ಹೋಯಿತು. ಆತನ ಸಾವು ಕೆಲಸದ ಅಪಘಾತದಿಂದಲೇ ಆಯಿತೆಂದು ಊಹಿಸಲು ಆಧಾರವಿಲ್ಲವೆಂದು 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹಾರವನ್ನು ನಿರಾಕರಿಸಿತು. ಕಾನೂನು ಉದಾರವಾಗಿದ್ದರೂ ಪುರಾವೆಯಿಲ್ಲದೆ ಅದು ಕೈಹಿಡಿಯಲಾರದು.

ಹಕ್ಕು ಕೇಳುವ ಸ್ಥಳ ಮತ್ತು ಕಾಲ

ನಷ್ಟಪರಿಹಾರದ ಅರ್ಜಿಯನ್ನು ಅಪಘಾತದ ಅಥವಾ ಮರಣದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಪ್ರಾಧಿಕಾರಿಯು ಮನ್ನಿಸಬಹುದಾದರೂ ಅದನ್ನು ನಂಬಿ ಕೂರಬಾರದು. 1923ರ ಅಧಿನಿಯಮದಲ್ಲಿ ಈ ಅಧಿಕಾರಿಯನ್ನು ಕಮಿಷನರ್ ಎಂದು ಕರೆಯಲಾಗುತ್ತಿತ್ತು. ಸಂಹಿತೆಯಲ್ಲಿ ಸಕ್ಷಮ ಪ್ರಾಧಿಕಾರಿ ಎಂದು ಹೇಳಲಾಗಿದೆ. ಇ.ಎಸ್.ಐ.ಗೆ ಸಂಬಂಧಿಸಿದ ವಿವಾದಗಳನ್ನು ನೌಕರರ ವಿಮಾ ನ್ಯಾಯಾಲಯ ತೀರ್ಮಾನಿಸುತ್ತದೆ. ವೈದ್ಯಕೀಯ ಮಂಡಳಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು.

ಊರಿನಲ್ಲಿರುವ ಕುಟುಂಬಗಳಿಗೆ ಬಹಳ ಉಪಯುಕ್ತವಾದ ನಿಯಮವೊಂದಿದೆ. 1995ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಅರ್ಜಿಯನ್ನು ಅಪಘಾತ ನಡೆದ ಸ್ಥಳದಲ್ಲೇ ಸಲ್ಲಿಸಬೇಕೆಂದಿಲ್ಲ. ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಪ್ರದೇಶದ ಅಧಿಕಾರಿಗೂ ಸಲ್ಲಿಸಬಹುದು. ಮಲಾಡಿನ ಕಟ್ಟಡದಿಂದ ಬಿದ್ದು ಮೃತನಾದ ಕಾರ್ಮಿಕನ ಪತ್ನಿಯು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಮುಂಬೈಗೆ ಅಲೆಯಬೇಕಾಗಿಲ್ಲ. ವಿಜಯಪುರದಲ್ಲೋ ಉಡುಪಿಯಲ್ಲೋ ಹಕ್ಕು ಕೇಳಬಹುದು.

ಮರಣದ ಪರಿಹಾರವನ್ನು ಮಾಲೀಕನು ಕುಟುಂಬದ ಕೈಗೆ ನೇರವಾಗಿ ಕೊಟ್ಟು ಮುಗಿಸುವಂತಿಲ್ಲ. ಅದನ್ನು ಪ್ರಾಧಿಕಾರಿಯ ಬಳಿ ಠೇವಣಿ ಇಡಬೇಕು, ಅಲ್ಲಿಂದ ಅವಲಂಬಿತರಿಗೆ ಹಂಚಿಕೆಯಾಗಬೇಕು. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕರಾರು ಕಾನೂನಿನ ಕಣ್ಣಿನಲ್ಲಿ ಅಸಿಂಧು. ಓದಲು ಬಾರದ ಭಾಷೆಯಲ್ಲಿರುವ ಕಾಗದಕ್ಕೆ, ಬಿಳಿ ಹಾಳೆಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಲೇಬಾರದು.

ವಕೀಲರ ವೆಚ್ಚದ ಭಯವೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವು ಪಡೆಯುವ ಅರ್ಹತೆಯಿದೆ. 15100 ಸಂಖ್ಯೆಗೆ ದೂರವಾಣಿ ಮಾಡಿ ಮಾಹಿತಿ ಪಡೆಯಬಹುದು.

ಇತರ ಯೋಜನೆಗಳು

ಕಟ್ಟಡ ಕಾರ್ಮಿಕರಿಗಾಗಿ 1996ರ ಶಾಸನದ ಮೇರೆಗೆ ರಾಜ್ಯಗಳಲ್ಲಿ ಕಲ್ಯಾಣ ಮಂಡಳಿಗಳು ರಚನೆಯಾದವು. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಅಪಘಾತ, ಅಂಗವೈಕಲ್ಯ ಹಾಗೂ ಮರಣದ ಸಂದರ್ಭದಲ್ಲಿ ನೆರವು ದೊರೆಯುತ್ತದೆ.

ಮನೆಗೆಲಸದವರು, ಬೀದಿ ವ್ಯಾಪಾರಿಗಳು ಮೊದಲಾದ ಅಸಂಘಟಿತ ದುಡಿಮೆಗಾರರು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಬ್ಯಾಂಕಿನ ಮೂಲಕ ಸೇರಬಹುದು. 18ರಿಂದ 70 ವರ್ಷದವರಿಗೆ ಇದು ತೆರೆದಿದೆ. 2022ರ ಜೂನ್ 1ರಿಂದ ವಾರ್ಷಿಕ ವಂತಿಗೆ 20 ರೂಪಾಯಿ. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ.

ಸಮಾರೋಪ

ಮುಂಬೈಯಲ್ಲಿ ಕನ್ನಡ ಸಂಘಸಂಸ್ಥೆಗಳಿಗೆ ಕೊರತೆಯಿಲ್ಲ. ಹಬ್ಬ, ನಾಟಕ, ಯಕ್ಷಗಾನಗಳ ಜೊತೆಗೆ ತಿಂಗಳಿಗೊಂದು ದಿನ ಕಾರ್ಮಿಕರ ಅರ್ಜಿ ಬರೆದುಕೊಡುವ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬಂದ ಪತ್ರವನ್ನು ಓದಿಹೇಳುವ ವ್ಯವಸ್ಥೆಯನ್ನು ಅವು ಮಾಡಿದರೆ ಎಷ್ಟೋ ಕುಟುಂಬಗಳಿಗೆ ಆಸರೆಯಾಗುತ್ತದೆ. ಸಹೋದ್ಯೋಗಿಗಳ ಪಾತ್ರವೂ ದೊಡ್ಡದು. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸುವವರೂ, ನಡೆದುದನ್ನು ಕಂಡು ಹೇಳಬಲ್ಲವರೂ ಅವರೇ.

ಕಳೆದ ಬೆರಳು ಮರಳಿ ಬಾರದು, ಅಗಲಿದ ಜೀವವನ್ನು ಹಣ ತುಂಬಿಕೊಡಲಾರದು. ಆದರೆ ಮನೆಯ ಒಲೆ ಉರಿಯುವುದು, ಮಕ್ಕಳ ಓದು ನಿಲ್ಲದಿರುವುದು, ಚಿಕಿತ್ಸೆಗೆ ಸಾಲ ಮಾಡದಿರುವುದು ಪರಿಹಾರದಿಂದ ಸಾಧ್ಯ. ಶಾಸನವು ಹಕ್ಕನ್ನು ನೀಡಿದೆ. ಅದನ್ನು ಅರಿತು, ದಾಖಲೆಗಳನ್ನು ಜೋಪಾನವಾಗಿಟ್ಟು, ಅವಧಿಯೊಳಗೆ ಕೇಳಿ ಪಡೆಯುವುದು ದುಡಿಯುವವರ ಮತ್ತು ಅವರ ಕುಟುಂಬದವರ ಕರ್ತವ್ಯ.